‘ಅಲ್ಲಿ ಹೋಗಿ ಕೇಳಿ’ ಎನ್ನುವುದಕ್ಕೂ ಒಂದು ರೀತಿ ಇದೆ

ಮಾನ್ಯ ಸಂಪಾದಕರೇ,

ಕಚೇರಿಗಳ ಲಂಚ, ವಿಳಂಬ, ‘ಸರ್ವರ್ ಡೌನ್’ ಕುರಿತ ಓದುಗರ ಪತ್ರಗಳನ್ನು ತಾವು ಆಗಾಗ ಪ್ರಕಟಿಸುತ್ತೀರಿ. ಆ ಸಾಲಿಗೆ ಸೇರದೆ ಉಳಿದುಬಿಡುವ ಒಂದು ಮಾತಿದೆ: ‘ಇದು ನಮ್ಮಲ್ಲಿ ಬರಲ್ಲ, ಅಲ್ಲಿ ಹೋಗಿ ಕೇಳಿ.’ ಹಾಗೆಂದವರು ಸುಳ್ಳು ಹೇಳಿರುವುದಿಲ್ಲ, ಕಾಸು ಕೇಳಿರುವುದಿಲ್ಲ, ದನಿ ಏರಿಸಿರುವುದೂ ಇಲ್ಲ. ಹೀಗಾಗಿ ಅವರ ಮೇಲೆ ದೂರು ಹೇಳಲು ಏನೂ ಸಿಗುವುದಿಲ್ಲ. ಕೇಳಲು ಬಂದವರ ಒಂದು ದಿನ ಮಾತ್ರ ಹೋಗಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಹಣ ಉಳಿಯಿತು, ನಿಜ. ಆ ದಿನದ ಕೂಲಿಯನ್ನು ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ.

ಬೇರೆಡೆಗೆ ಕಳಿಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಎಲ್ಲ ಕೆಲಸ ಒಂದೇ ಕಿಟಕಿಯಲ್ಲಿ ಆಗುವುದಿಲ್ಲ, ಆಗಲೂಬಾರದು. ನಮ್ಮ ತಕರಾರು ಕಳಿಸುವ ರೀತಿಯ ಬಗ್ಗೆ. ‘ಅಲ್ಲಿ ಹೋಗಿ’ ಎನ್ನುವುದೂ ಒಂದು ಸಲಹೆಯೇ. ಔಷಧಿಯ ಹೆಸರು ಹೇಳುವಾಗ ಇರುವ ಎಚ್ಚರ ಅದನ್ನು ಹೇಳುವಾಗಲೂ ಇರಬೇಕು. ಈ ಮಾತು ಸರ್ಕಾರಿ ನೌಕರರಿಗೆ ಮಾತ್ರವಲ್ಲ. ಬ್ಯಾಂಕಿನವರು, ಆಶಾ ಕಾರ್ಯಕರ್ತೆಯರು, ಮೇಷ್ಟ್ರುಗಳು, ಊರಿನಲ್ಲಿ ‘ವಿಷಯ ತಿಳಿದವರು’ ಎನಿಸಿಕೊಂಡವರು, ಎಲ್ಲರಿಗೂ ಸಲ್ಲುತ್ತದೆ.

ತಪ್ಪು ಹೇಗಾಗುತ್ತದೆ ಎಂಬುದಕ್ಕೆ ‘ಖಾತೆ’ ಎಂಬ ಒಂದೇ ಪದ ಸಾಕು. ‘ಅಪ್ಪ ತೀರಿಕೊಂಡ್ರು, ಖಾತೆ ಮಾಡಿಸ್ಬೇಕು, ಎಲ್ಲಿ ಹೋಗ್ಲಿ?’ ಎಂದು ಒಬ್ಬರು ಕೇಳುತ್ತಾರೆ. ಕೇಳಿಸಿಕೊಂಡವರು ಸಲೀಸಾಗಿ ‘ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ’ ಎನ್ನುತ್ತಾರೆ. ಆದರೆ ಈ ಪ್ರಶ್ನೆಯ ಹಿಂದೆ ಕಡಿಮೆಯೆಂದರೂ ನಾಲ್ಕು ಬಾಗಿಲುಗಳಿವೆ. ಅದು ಹೊಲದ ಖಾತೆಯಾಗಿದ್ದು, ವಾರಸುದಾರರೆಲ್ಲರ ಹೆಸರನ್ನು ಜಂಟಿಯಾಗಿ ಪಹಣಿಗೆ ತರುವುದಾದರೆ ಅದು ಪೌತಿ ಖಾತೆ. ಕಂದಾಯ ಇಲಾಖೆಯ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಪಹಣಿ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನೋ ನಾಡಕಚೇರಿಯನ್ನೋ ಕಾಣಬೇಕು. ನೋಂದಣಿ ಕಚೇರಿಗೆ ಕಾಲಿಡುವ ಅಗತ್ಯವೇ ಇಲ್ಲ. ಅಣ್ಣತಮ್ಮಂದಿರು ಒಂದೇ ಸರ್ವೆ ನಂಬರನ್ನು ಭಾಗ ಮಾಡಿಕೊಂಡು ಬೇರೆಬೇರೆ ಖಾತೆ ಮಾಡಿಸುವುದಾದರೆ ಮೊದಲು ಭೂಮಾಪನ ಇಲಾಖೆಯಿಂದ 11ಇ ನಕ್ಷೆ (ಭಾಗವಾಗುವ ತುಂಡುಗಳನ್ನು ಅಳೆದು ತೋರಿಸುವ ನಕ್ಷೆ) ಆಗಬೇಕು, ಆಮೇಲೆ ವಿಭಾಗಪತ್ರದ ನೋಂದಣಿ, ಅದಾದ ಮೇಲೆ ಮ್ಯುಟೇಷನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ. ನಕ್ಷೆ ಇಲ್ಲದೆ ನೋಂದಣಿಗೆ ಹೋದವರು ಬರಿಗೈಯಲ್ಲಿ ವಾಪಸ್. ಖಾತೆ ಎಂದರೆ ಊರೊಳಗಿನ ಮನೆಯದ್ದಾದರೆ ಅದು ಪಹಣಿಯಲ್ಲಿ ಇರುವುದೇ ಇಲ್ಲ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿರುತ್ತದೆ, ಪೇಟೆಯಾದರೆ ಪುರಸಭೆಯಲ್ಲಿ. ಇನ್ನು ಒಬ್ಬ ವಾರಸುದಾರರು ಮರಣಶಾಸನ ಹಿಡಿದು ‘ಎಲ್ಲ ನನ್ನದೇ’ ಎಂದು ಕೂತಿದ್ದರೆ ತಹಶೀಲ್ದಾರರು ಹಕ್ಕನ್ನು ತೀರ್ಮಾನಿಸಲಾರರು, ಅದು ಸಿವಿಲ್ ಕೋರ್ಟಿನ ಮಾತು.

ಇವುಗಳಲ್ಲಿ ಯಾವ ಬಾಗಿಲು ಎಂದು ಗೊತ್ತಾಗಲು ಮೂರು ಪ್ರಶ್ನೆ ಸಾಕು: ಹೊಲವೋ ಮನೆಯೋ? ಜಂಟಿಯಾಗಿಯೋ ಭಾಗ ಮಾಡಿಕೊಂಡೋ? ಯಾರದಾದರೂ ತಕರಾರು ಇದೆಯೋ? ಎರಡು ನಿಮಿಷದ ಕೆಲಸ. ಈ ಎರಡು ನಿಮಿಷ ಉಳಿಸಿದ್ದಕ್ಕೆ ಎದುರಿನವರು ಎರಡು ಮೂರು ವಾರ ತೆರುತ್ತಾರೆ. ಇವಕ್ಕೂ ಮೊದಲು ಕೇಳಬೇಕಾದ ಇನ್ನೊಂದಿದೆ, ಅದನ್ನು ಬಹುತೇಕ ಯಾರೂ ಕೇಳುವುದಿಲ್ಲ: ‘ಇಲ್ಲಿಗೆ ಬರೋಕೆ ಮುಂಚೆ ಎಲ್ಲಿಗೆ ಹೋಗಿದ್ರಿ, ಅವರು ಏನಂದ್ರು?’ ಇದನ್ನು ಕೇಳದವರೇ ನಾಡಕಚೇರಿಯಿಂದ ಬಂದವರನ್ನು ಮತ್ತೆ ನಾಡಕಚೇರಿಗೆ ಕಳಿಸುವುದು.

ಸರಿಯಾಗಿ ಕಳಿಸುವುದು ಹೇಗೆಂದು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಆಸ್ಪತ್ರೆಗಳಲ್ಲಿ ಅದಕ್ಕೆ ರೆಫರಲ್ ಚೀಟಿ ಇದೆ. ಒಳ್ಳೆಯ ವೈದ್ಯರು ಬರೆದ ಚೀಟಿಯಲ್ಲಿ ಏನಿರುತ್ತದೆ ನೋಡಿ. ಹಾವು ಕಚ್ಚಿದ ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾಸ್ಪತ್ರೆಗೆ ಕಳಿಸುವಾಗ ಕಚ್ಚಿದ ಹೊತ್ತು, ಬಂದ ಹೊತ್ತು, ಬಂದಾಗಿನ ಲಕ್ಷಣ, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಏನು ತೋರಿಸಿತು, ವಿಷನಿರೋಧಕದ ಎಷ್ಟು ವೈಲ್ ಎಷ್ಟು ಗಂಟೆಗೆ ಕೊಟ್ಟರು, ಈಗ ಯಾಕೆ ಕಳಿಸುತ್ತಿದ್ದಾರೆ (ಉಸಿರಾಟಕ್ಕೆ ವೆಂಟಿಲೇಟರ್ ಬೇಕೋ, ಮೂತ್ರಪಿಂಡಕ್ಕೆ ಡಯಾಲಿಸಿಸ್ ಬೇಕೋ) ಇಷ್ಟೂ ಇರಬೇಕು. ಜೊತೆಗೆ ಅಲ್ಲಿಗೆ ಒಂದು ಫೋನ್: ಬೆಡ್ ಇದೆಯೇ, ವೆಂಟಿಲೇಟರ್ ಖಾಲಿ ಇದೆಯೇ. ಎಲ್ಲಕ್ಕಿಂತ ಮುಖ್ಯವಾದದ್ದು, ವಿಷವೇರಿದ ಲಕ್ಷಣ ಕಂಡರೆ ಮೊದಲ ಮದ್ದನ್ನು ಇಲ್ಲೇ ಶುರುಮಾಡಿ ಕಳಿಸುವುದು. ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಆ ಒಂದು ಗಂಟೆಯಲ್ಲಿ ಏನಾಗಬಹುದೆಂದು ವಿವರಿಸಬೇಕಿಲ್ಲ. ಅಲ್ಲಿ ತಲುಪಿದ ಮೇಲೂ ಮೊದಲಿನಿಂದ ಎಲ್ಲವನ್ನೂ ಕೇಳಬೇಕು, ಎಷ್ಟು ಮದ್ದು ಹೋಗಿದೆ ಎಂದು ಯಾರಿಗೂ ತಿಳಿದಿರುವುದಿಲ್ಲ.

ಚೀಟಿಗೆ ಹಣದ ಲೆಕ್ಕವೂ ಅಂಟಿಕೊಂಡಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದರೆ, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳನ್ನು ಬಿಟ್ಟು ಉಳಿದವಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ‘ನೇರವಾಗಿ ಆ ಆಸ್ಪತ್ರೆಗೇ ಹೋಗಿಬಿಡಿ, ಕಾರ್ಡ್ ನಡೆಯುತ್ತೆ’ ಎಂದು ಹಿತೈಷಿಗಳು ಹೇಳುತ್ತಾರೆ. ರೆಫರಲ್ ಇಲ್ಲದೆ ದಾಖಲಾದರೆ ಬಿಲ್ಲು ಮನೆಯವರ ತಲೆಗೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಸರಿ; ಒಳ್ಳೆಯ ಮನಸ್ಸು ಬಿಲ್ ಕಟ್ಟುವುದಿಲ್ಲ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸುಮ್ಮನೆ ತಳ್ಳುವುದರ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲೇ ಮಾತಾಡಿದೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕ ಸಂಘದ ಸದಸ್ಯರೊಬ್ಬರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ‘ಬೆಡ್ ಇಲ್ಲ’, ‘ಸೌಲಭ್ಯ ಇಲ್ಲ’ ಎಂದು ಮುಂದಕ್ಕೆ ಕಳಿಸಿತ್ತು. ಕೊನೆಗೆ ಅವರು ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ಇದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದ ನ್ಯಾಯಾಲಯ ಪರಿಹಾರ ಕೊಡಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಎಲ್ಲಿ ಬೆಡ್ ಖಾಲಿ ಇದೆ ಎಂದು ತಿಳಿದು ನೇರವಾಗಿ ಅಲ್ಲಿಗೇ ಕಳಿಸಲು ಆಸ್ಪತ್ರೆಗಳ ನಡುವೆ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು ಎಂದಿತು. ಹುಡುಕುವ ಕೆಲಸ ಗಾಯಾಳುವಿನದಲ್ಲ, ಕಳಿಸುವವರದು.

ಕಾಗದಪತ್ರದ ವಿಷಯದಲ್ಲೂ ಕಾನೂನು ಇದೇ ದಾರಿ ಹಿಡಿದಿದೆ. ಮಾಹಿತಿ ಹಕ್ಕು ಕಾಯ್ದೆ 2005ರ 6(3)ನೇ ಕಲಂ ಓದಿ. ಅರ್ಜಿ ತಪ್ಪು ಸಾರ್ವಜನಿಕ ಪ್ರಾಧಿಕಾರಕ್ಕೆ ಬಂದರೆ ಅದನ್ನು ಪಡೆದವರು, ಹೆಚ್ಚೆಂದರೆ 5 ದಿನದೊಳಗೆ, ಮಾಹಿತಿ ಇರುವ ಪ್ರಾಧಿಕಾರಕ್ಕೆ ತಾವೇ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಅಂದರೆ ಕಾಗದ ನಡೆದುಹೋಗಬೇಕು, ಮನುಷ್ಯ ಅಲ್ಲ. ಆದರೂ ‘ಇದು ಲೋಕೋಪಯೋಗಿ ಇಲಾಖೆಯದ್ದು, ಅಲ್ಲೇ ಹಾಕಿ’ ಎಂದು ಕಿಟಕಿಯಲ್ಲೇ ಅರ್ಜಿ ಮರಳಿಸುವುದು ನಿಂತಿಲ್ಲ. ಹೀಗಾದಾಗ ವಾದಕ್ಕೆ ಇಳಿಯಬೇಡಿ. ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ, ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅರ್ಜಿಯ ಕೊನೆಯಲ್ಲಿ ‘ಮಾಹಿತಿ ತಮ್ಮಲ್ಲಿ ಇಲ್ಲದಿದ್ದರೆ ಕಲಂ 6(3)ರಂತೆ ವರ್ಗಾಯಿಸಿ ನನಗೆ ತಿಳಿಸಿ’ ಎಂಬ ಒಂದು ಸಾಲು ಬರೆದಿರಿ. ಅದೇ ಕಾಯ್ದೆಯಲ್ಲಿ ಇನ್ನೊಂದು ಮರ್ಯಾದೆಯ ಮಾತಿದೆ: ಅರ್ಜಿ ನಿರಾಕರಿಸುವ ಅಧಿಕಾರಿ ಕಾರಣ ಕೊಟ್ಟರಷ್ಟೇ ಸಾಲದು, ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂಬ ವಿವರವನ್ನೂ ಅದೇ ಪತ್ರದಲ್ಲಿ ಕೊಡಬೇಕು. ‘ಇಲ್ಲ’ ಎನ್ನುವವರೂ ಮುಂದಿನ ಬಾಗಿಲು ತೋರಿಸಬೇಕು ಎಂದಾಯಿತು.

ಪೊಲೀಸ್ ಠಾಣೆಯ ‘ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂಬ ಮಾತಿಗೂ ಈಗ ನೆಲೆ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ (ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಬಹುದಾದ ಅಪರಾಧದ) ಮಾಹಿತಿಯನ್ನು, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ಜನ ಇದನ್ನೇ ‘ಝೀರೋ ಎಫ್‌ಐಆರ್’ ಎನ್ನುವುದು. ಇಲ್ಲಿ ದಾಖಲಾಗಿ, ಸಂಬಂಧಪಟ್ಟ ಠಾಣೆಗೆ ಅದು ತಾನಾಗಿ ಹೋಗುತ್ತದೆ. ಮಾಹಿತಿ ಕೊಟ್ಟವರಿಗೆ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರು. ಇದಕ್ಕಿಂತ ಕುತೂಹಲದ್ದು ಅಸಂಜ್ಞೇಯ ಪ್ರಕರಣಗಳಿಗಿರುವ 174ನೇ ಕಲಂ. ಅಲ್ಲಿ ಕಾನೂನೇ ‘ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಿ’ ಎನ್ನುತ್ತದೆ. ಆದರೆ ಮೊದಲು ಮಾಹಿತಿಯ ಸಾರವನ್ನು ಪುಸ್ತಕದಲ್ಲಿ ದಾಖಲಿಸಿ, ಆಮೇಲೆ ಕಳಿಸಿ ಎನ್ನುತ್ತದೆ. ಬರೆದುಕೊಂಡು ಕಳಿಸುವುದಕ್ಕೂ ಬರೆಯದೆ ಕಳಿಸುವುದಕ್ಕೂ ಅಜಗಜಾಂತರ.

ಆ ವ್ಯತ್ಯಾಸ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ ವ್ಯವಸ್ಥೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಸಕಾಲ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತು ಸಂಖ್ಯೆ) ಸಿಗುತ್ತದೆ. ಗಡುವಿನ ಲೆಕ್ಕ ಶುರುವಾಗುವುದು ಅಲ್ಲಿಂದ, ಮೇಲ್ಮನವಿ ನಿಲ್ಲುವುದೂ ಆ ಸಂಖ್ಯೆಯ ಮೇಲೆಯೇ. ಅರ್ಜಿ ತೆಗೆದುಕೊಳ್ಳುವ ಮುಂಚೆಯೇ ‘ಅಲ್ಲಿ ಹೋಗಿ’ ಎಂದುಬಿಟ್ಟರೆ ಸಂಖ್ಯೆಯೇ ಹುಟ್ಟುವುದಿಲ್ಲ. ಬಾಕಿ ಪಟ್ಟಿಯಲ್ಲಿ ಕಡತವಿಲ್ಲ, ವಿಳಂಬವಿಲ್ಲ, ಪರಿಹಾರವಿಲ್ಲ. ಕಚೇರಿಯ ಅಂಕಿಅಂಶ ಹೊಳೆಯುತ್ತದೆ, ಬಂದವರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. ಬಾಯಿಮಾತಿನ ಸಾಗಹಾಕುವಿಕೆ ಇಷ್ಟು ಜನಪ್ರಿಯವಾಗಿರುವುದು ಸೋಮಾರಿತನದಿಂದ ಮಾತ್ರ ಎಂದು ನಮಗೆ ಅನ್ನಿಸುವುದಿಲ್ಲ.

ಇದಕ್ಕೆ ಮದ್ದು ನಮ್ಮ ಕಚೇರಿ ಕನ್ನಡದಲ್ಲೇ ಇದೆ: ಹಿಂಬರಹ, ಅಂದರೆ ಯಾಕೆ ಆಗದು ಎಂದು ಕಚೇರಿಯವರು ಬರೆದುಕೊಡುವ ಉತ್ತರ. ‘ನಿಮ್ಮಲ್ಲಿ ಆಗಲ್ಲ ಅಂದ್ರೆ ಹಿಂಬರಹ ಕೊಡಿ ಸಾರ್, ತಗೊಂಡು ಹೋಗ್ತೀನಿ’ ಎಂದು ಮೆತ್ತಗೆ ಕೇಳಿದರೆ ಅರ್ಧ ಪ್ರಸಂಗಗಳಲ್ಲಿ ಕೆಲಸ ಅಲ್ಲೇ ಆಗುವುದು ಅರ್ಜಿ ಬರೆದುಕೊಡುವವರಿಗೆಲ್ಲ ಗೊತ್ತಿರುವ ಗುಟ್ಟು.

ಎಲ್ಲಿಗೆ ಎಂಬುದರಷ್ಟೇ ಯಾವುದು ಮೊದಲು ಎಂಬುದೂ ಮುಖ್ಯ. ಬ್ಯಾಂಕಿನ ಮೇಲೆ ದೂರಿದೆ ಎಂದವರಿಗೆ ‘ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಿರಿ’ ಎಂದು ಹೇಳಿಬಿಡುತ್ತಾರೆ. ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ ಅವರೇ, ಜಾಗ ಸರಿ; ಸರದಿ ತಪ್ಪು. ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಟ್ಟಿರಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಮನ್. ನೇರವಾಗಿ ಹೋದ ದೂರು ತಾಂತ್ರಿಕ ಕಾರಣಕ್ಕೇ ಮುಚ್ಚಿಹೋಗುತ್ತದೆ, ಬರೆದವರು ‘ಅಲ್ಲೂ ನ್ಯಾಯ ಸಿಗಲಿಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ.

ಆನ್‌ಲೈನ್ ವಂಚನೆಯಲ್ಲಿ ಇದು ಉಲ್ಟಾ. ಅಲ್ಲಿ ದೂರು ಬರೆಸಿಕೊಂಡು ಠಾಣೆ ಹುಡುಕಿ ಹೋಗುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು: ಹಣ ಹೋದ ಬ್ಯಾಂಕ್ ಖಾತೆಯ ವಿವರ, ಮೊತ್ತ, ಹೊತ್ತು, ಯುಪಿಐ ಆದರೆ 12 ಅಂಕಿಯ ವ್ಯವಹಾರ ಸಂಖ್ಯೆ. ಅದಾದ ಕೂಡಲೇ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಬೇಕು, ಆಮೇಲೆ ಠಾಣೆ. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ಆದ ಅನಧಿಕೃತ ವ್ಯವಹಾರವನ್ನು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂದು ಆರ್‌ಬಿಐ 2017ರ ಜುಲೈನಲ್ಲಿ ಹೇಳಿದೆ. ಮೂರು ದಿನ ತಪ್ಪು ಕಿಟಕಿಗಳಲ್ಲಿ ಕಳೆದರೆ ಆ ರಕ್ಷಣೆಯೂ ಕರಗುತ್ತದೆ. ಇಲ್ಲೇ ಇನ್ನೊಂದು ಅಪಾಯವಿದೆ. ‘ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಿ’ ಎಂದು ಯಾರಿಗೂ ಹೇಳಬೇಡಿ. ಹುಡುಕಾಟದಲ್ಲಿ ನಕಲಿ ನಂಬರುಗಳೂ ಬರುತ್ತವೆ, ಒಮ್ಮೆ ಮೋಸಹೋದವರು ಅದೇ ದಿನ ಮತ್ತೊಮ್ಮೆ ಮೋಸಹೋಗುತ್ತಾರೆ. ಎಟಿಎಂ ಕಾರ್ಡಿನ ಹಿಂಬದಿಯ ನಂಬರ್ ಎಂದು ಹೇಳಿ, ಅಥವಾ ಪಾಸ್‌ಬುಕ್ಕಿನದು.

ಹಳೆಯ ತಿಳಿವಳಿಕೆಯ ಮೇಲೆ ಕಳಿಸುವುದು ಇನ್ನೊಂದು ಬಗೆ. ಒಂದು ವರ್ಷ ಮೀರಿದ ಜನನ, ಮರಣ ನೋಂದಣಿಗೆ ‘ಕೋರ್ಟಿಗೆ ಹೋಗಿ ಆರ್ಡರ್ ತನ್ನಿ’ ಎಂಬುದು ಎಷ್ಟೋ ಕಾಲದಿಂದ ಎಲ್ಲರ ಬಾಯಲ್ಲಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಆದೇಶ ಕೊಡುವವರು ಕೋರ್ಟಿನವರಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರು (ಜಿಲ್ಲಾಧಿಕಾರಿ), ಉಪವಿಭಾಗೀಯ ಮ್ಯಾಜಿಸ್ಟ್ರೇಟರು (ಉಪವಿಭಾಗಾಧಿಕಾರಿ) ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು. ಇಷ್ಟು ಬದಲಾದರೂ ಹಳೆಯ ಮಾತು ನಡೆದೇ ಇದೆ. ಬದಲಾಗದೆ ಉಳಿದಿರುವ ಮೂಲ ನಿಯಮ ಮಾತ್ರ ಯಾರಿಗೂ ನೆನಪಿರುವುದಿಲ್ಲ: ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ. ಅರಸೀಕೆರೆ ಕಡೆಯ ಹಳ್ಳಿಯವರ ಮಗು ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಪ್ರಮಾಣಪತ್ರದ ಮೂಲ ಹಾಸನದಲ್ಲಿ. ಹಳ್ಳಿಯ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಹೆಸರು ಸಿಗದು.

ಗ್ರಾಹಕ ನ್ಯಾಯಾಲಯದ ಬಗ್ಗೆಯೂ ಇಂಥದೇ ಹಳೆಯ ಮಾತೊಂದು ಓಡಾಡುತ್ತಿದೆ, ‘ಕಂಪನಿ ಮುಂಬೈಯದ್ದು, ಅಲ್ಲೇ ಕೇಸು ಹಾಕಬೇಕು’ ಎಂದು. 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಗಡುವು ಇದೆ ಎಂಬುದನ್ನು ಮಾತ್ರ ತಪ್ಪದೆ ಹೇಳಬೇಕು.

ಮನೆಯೊಳಗಿನ ಹಿಂಸೆ ತಾಳಲಾರದೆ ಕೇಳಲು ಬಂದ ಹೆಣ್ಣುಮಗಳನ್ನು ಎಲ್ಲಿಗೆ ಕಳಿಸಬೇಕು ಎಂಬುದು ಅತಿ ಸೂಕ್ಷ್ಮ. ಕೌಟುಂಬಿಕ ಹಿಂಸೆ ಕಾಯ್ದೆ 2005ರ 5ನೇ ಕಲಂ ಇದನ್ನು ಹೇಳುವವರ ಮರ್ಜಿಗೆ ಬಿಟ್ಟಿಲ್ಲ. ದೂರು ಬಂದಾಗ ಪೊಲೀಸರು, ಸಂರಕ್ಷಣಾಧಿಕಾರಿ, ಸೇವಾ ಸಂಸ್ಥೆ, ಮ್ಯಾಜಿಸ್ಟ್ರೇಟರು ಆಕೆಗೆ ಏನೇನು ತಿಳಿಸಲೇಬೇಕು ಎಂಬ ಪಟ್ಟಿಯೇ ಅಲ್ಲಿದೆ: ರಕ್ಷಣಾ ಆದೇಶ, ಜೀವನಾಂಶದಂಥ ಪರಿಹಾರಕ್ಕೆ ಅರ್ಜಿ ಹಾಕುವ ಹಕ್ಕು, ಸಂರಕ್ಷಣಾಧಿಕಾರಿ ಮತ್ತು ಸೇವಾ ಸಂಸ್ಥೆಗಳ ಲಭ್ಯತೆ, ಉಚಿತ ಕಾನೂನು ನೆರವು, ಕ್ರಿಮಿನಲ್ ದೂರಿನ ಹಕ್ಕು. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಗಳ ಮೇಲಿನ ಸಿಡಿಪಿಒ. ಇದನ್ನು ಹೇಳದೆ ‘ಸಂರಕ್ಷಣಾಧಿಕಾರಿಯನ್ನು ನೋಡಿ’ ಎಂದರೆ ಊರಲ್ಲಿ ಯಾರಿಗೂ ಆ ಹುದ್ದೆಯ ಗುರುತು ಹತ್ತುವುದಿಲ್ಲ, ಸಿಡಿಪಿಒ ಆಫೀಸು ಎಂದರೆ ಮಕ್ಕಳೂ ದಾರಿ ತೋರಿಸುತ್ತಾರೆ. ಉಚಿತ ವಕೀಲರು ಸಿಗುವುದು ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಯಲ್ಲಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ, ಸಹಾಯವಾಣಿ 15100. ಈ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಡುವ ಮುಂಚೆ ಒಂದು ಮಾತು ಕೇಳಿ: ಆ ಚೀಟಿ ಮನೆಯಲ್ಲಿ ಬೇರೆಯವರ ಕೈಗೆ ಸಿಕ್ಕರೆ ತೊಂದರೆಯಾಗುತ್ತದೆಯೇ? ಆಗುತ್ತದೆ ಎಂದರೆ ಚೀಟಿ ಬೇಡ. ನಿಮ್ಮ ಫೋನಿನಿಂದಲೇ ಕರೆ ಮಾಡಿಸಿ.

ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದವರ ವಿಷಯದಲ್ಲಂತೂ ನಂಬರ್ ಕೊಟ್ಟು ಕಳಿಸುವುದೆಂದರೆ ಕೈಬಿಟ್ಟಂತೆಯೇ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುವವರಿದ್ದಾರೆ. ಎದುರಿಗೇ ಡಯಲ್ ಮಾಡಿ, ಆ ಕಡೆಯವರು ಮಾತು ಶುರುಮಾಡುವ ತನಕ ಜೊತೆಗಿರಬೇಕು. ಜೀವಕ್ಕೆ ಅಪಾಯ ಕಣ್ಣೆದುರಿಗೇ ಇದೆ ಎನಿಸಿದರೆ 112. ಸಂಜೆ ಇನ್ನೊಮ್ಮೆ ಫೋನ್ ಮಾಡಿ ಅಥವಾ ಮನೆಗೇ ಹೋಗಿ ವಿಚಾರಿಸಿ.

ಇನ್ನು ಯಾರ ಹತ್ತಿರ ಕಳಿಸುತ್ತೀರೋ ಅವರ ಕಡೆಯಿಂದಲೂ ಒಂದಿಷ್ಟು ನೋಡಬೇಕು. ಪರಿಚಯದ ವಕೀಲರ, ಸರ್ವೆಯರ ಸ್ವಂತ ಮೊಬೈಲ್ ನಂಬರನ್ನು ಅವರನ್ನು ಕೇಳದೆ ಹಂಚಬಾರದು. ‘ನನ್ನ ಹೆಸರು ಹೇಳಿ, ಕೆಲಸ ಆಗುತ್ತೆ’ ಎನ್ನುವುದು ಇನ್ನೂ ಕೆಟ್ಟದ್ದು. ಹೆಸರು ಹೇಳಿದರೂ ಆಗದಿದ್ದಾಗ ಬಂದವರು ಇಬ್ಬರನ್ನೂ ಬೈಯುತ್ತಾರೆ, ಆದರಂತೂ ಅದು ಶಿಫಾರಸು. ಕಳಿಸಿದ್ದಕ್ಕೆ ನಿಮಗೆ ಏನಾದರೂ ಸಿಗುವುದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ವೈದ್ಯರು ರೋಗಿಯನ್ನು ಬೇರೆಡೆಗೆ ಕಳಿಸಿದ್ದಕ್ಕೆ ಕಮಿಷನ್ ತೆಗೆದುಕೊಳ್ಳುವುದನ್ನು 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಾವಳಿ ನಿಷೇಧಿಸಿದೆ. ಸ್ಕ್ಯಾನಿಂಗ್ ಸೆಂಟರಿಗೆ ಬರೆಯುವ ಚೀಟಿಗೂ ಕಮಿಷನ್ನಿಗೂ ನಡುವೆ ಏನು ನಡೆಯುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

‘ಗೊತ್ತಿಲ್ಲ’ ಎಂಬ ಮಾತಿಗೆ ನಮ್ಮಲ್ಲಿ ಬೆಲೆ ಕಡಿಮೆ. ಕೇಳಿದವರಿಗೆ ಏನಾದರೂ ಒಂದು ಹೇಳದಿದ್ದರೆ ಮರ್ಯಾದೆ ಹೋದಂತೆ. ಊಹೆಯ ಮೇಲೆ ಕಳಿಸುವುದಕ್ಕಿಂತ ‘ನನಗೆ ಖಚಿತವಿಲ್ಲ, ಅವರಿಗೆ ಒಂದು ಫೋನ್ ಮಾಡಿ ಕೇಳ್ತೀನಿ ತಾಳಿ’ ಎನ್ನುವುದು ಎಷ್ಟೋ ಮೇಲು. ಖಚಿತವಾದದ್ದನ್ನು ‘ಅಲ್ಲೇ ಆಗುತ್ತೆ’ ಎಂದೂ, ಅಂದಾಜಿನದನ್ನು ‘ಅಲ್ಲಿ ಆಗಬಹುದು, ಹೋಗೋ ಮುಂಚೆ ವಿಚಾರಿಸಿ’ ಎಂದೂ ಬೇರೆಬೇರೆಯಾಗಿ ಹೇಳಿದರೆ ಕೇಳಿದವರು ತಮ್ಮ ದಿನವನ್ನು ಪಣಕ್ಕಿಡುವ ಮುಂಚೆ ಲೆಕ್ಕ ಹಾಕಿಕೊಳ್ಳುತ್ತಾರೆ. ಹತ್ತು ಜನರ ಮುಂದೆ ಕಾಯಿಲೆ, ಜಾತಿ, ಸಾಲದ ವಿವರ ಕೇಳಬೇಡಿ ಎಂಬುದನ್ನು ಬರೆಯಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಎಲ್ಲ ಸರಿ ಹೇಳಿ ಕೊನೆಗೆ ದಿನ ತಪ್ಪಿಸುವವರೂ ಇದ್ದಾರೆ. ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ಶನಿವಾರದ ಜೊತೆ ನಾಲ್ಕನೇ ಶನಿವಾರವೂ ರಜೆಯಾಗಿ ವರ್ಷಗಳಾದವು. ‘ನಾಳೆ ಶನಿವಾರ ಹೋಗಿಬನ್ನಿ’ ಎನ್ನುವ ಮುಂಚೆ ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ತಿರುಗಿ ನೋಡಿ. ಮಧ್ಯಾಹ್ನ ಊಟದ ವಿರಾಮದ ಹೊತ್ತಿಗೆ ತಲುಪುವ ಬಸ್ಸಿಗೆ ಹತ್ತಿಸಬೇಡಿ.

ತಾಲ್ಲೂಕು ಕಚೇರಿ, ಪಂಚಾಯಿತಿ, ಆಸ್ಪತ್ರೆ, ಠಾಣೆ, ಬ್ಯಾಂಕುಗಳಲ್ಲಿ ವಿಚಾರಣಾ ಕಿಟಕಿಯ ಪಕ್ಕ ಎ4 ಹಾಳೆಯ ಕಾಲುಭಾಗದಷ್ಟು ಅಗಲದ ಚೀಟಿ ಪುಸ್ತಕವೊಂದನ್ನು ಇಡಲಿ ಎಂಬುದು ನಮ್ಮ ಕೋರಿಕೆ. ಅದರಲ್ಲಿ ತುಂಬಬೇಕಾದದ್ದು ಹೆಚ್ಚಿಲ್ಲ. ಬಂದವರ ಕೆಲಸ ಒಂದು ಸಾಲಿನಲ್ಲಿ. ಇಲ್ಲಿ ಯಾಕೆ ಆಗದು ಎಂಬುದು ಇನ್ನೊಂದು ಸಾಲಿನಲ್ಲಿ. ಹೋಗಬೇಕಾದ ಕಚೇರಿ, ಅಲ್ಲಿನ ಹುದ್ದೆಯ ಹೆಸರು, ಕಟ್ಟಡದ ಗುರುತು. ಒಯ್ಯಬೇಕಾದ ದಾಖಲೆ, ಮೂಲವೋ ಜೆರಾಕ್ಸೋ, ಎಷ್ಟು ಪ್ರತಿ. ಕಳಿಸಿದವರ ಹುದ್ದೆ, ತಾರೀಖು, ಸೀಲು. ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿಯಲಿ. ತಿಂಗಳ ಕೊನೆಯಲ್ಲಿ ಅದನ್ನು ತಿರುವಿಹಾಕಿದರೆ ಯಾವ ಕೆಲಸಕ್ಕೆ ಜನ ಪದೇಪದೇ ತಪ್ಪು ಕಚೇರಿಗೆ ಬರುತ್ತಿದ್ದಾರೆಂದು ತಿಳಿಯುತ್ತದೆ, ಅಷ್ಟನ್ನು ದೊಡ್ಡ ಅಕ್ಷರದಲ್ಲಿ ಬಾಗಿಲ ಬಳಿ ಬರೆದು ಹಾಕಬಹುದು. ಚೀಟಿಯ ಹಿಂಬದಿ ಖಾಲಿ ಇರಲಿ. ಅಲ್ಲಿಂದಲೂ ವಾಪಸ್ ಕಳಿಸಿದರೆ ಯಾಕೆಂದು ಅವರು ಅಲ್ಲೇ ಬರೆದು ಸಹಿ ಹಾಕಲಿ.

ಇತಿ,
ಅರ್ಜಿ ಬರೆದುಕೊಡುವ ಕೆಲಸದಲ್ಲಿರುವ ಕೆಲವರು,
ಹಾಸನ ಜಿಲ್ಲೆ